ಹಾಸನದ ಸಂತೆಯಲ್ಲಿ ಒಂದು ಬೆಳಗು

ಗೌರೀಗಣೇಶನ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಕ್ಕಳಿಬ್ಬರನ್ನೂ ಗೃಹಿಣಿಯನ್ನೂ ಕರೆದುಕೊಂಡು ನಾವು ಹೊಳೆನರಸೀಪುರದಿಂದ ರೈಲಿನಲ್ಲಿ ಹಾಸನದ ಸಂತೆಗೆ ಹೋದೆವು. ಊರಿನಲ್ಲಿಯೇ ಸಂತೆಯಿರಲು ಅಷ್ಟು ದೂರವೇಕೆಂದು ವಾಚಕರು ಕೇಳಬಹುದು. ಮಕ್ಕಳಿಗೆ ರೈಲೂ ಆಗಬೇಕು, ಸಂತೆಯೂ ಆಗಬೇಕು. ಅವರ ಹಟದ ಮುಂದೆ ನಮ್ಮ ತರ್ಕವೆಲ್ಲಿ ನಡೆದೀತು?

ನಾವು ತಲಪುವಷ್ಟರಲ್ಲಿ ಸಂತೆ ತುಂಬಿತ್ತು. ಚನ್ನರಾಯಪಟ್ಟಣದ ಕಡೆಯ ತೆಂಗಿನಕಾಯಿ, ಮಣ್ಣು ಮೆತ್ತಿದ ಹಸಿಶುಂಠಿ, ಸೊಪ್ಪಿನ ಕಂತೆಗಳು, ಇವುಗಳ ನಡುವೆ ಎಲ್ಲಿ ನೋಡಿದರೂ ಆಲೂಗಡ್ಡೆಯ ರಾಶಿ. ಮೆಟ್ರಿಕ್ ತೂಕದ ಕಾನೂನು 1956ರಲ್ಲಿಯೇ ಆಗಿದ್ದರೂ ಪುರಿ ಮಾರುವವನು ಇಂದಿಗೂ ಸೇರಿನಿಂದಲೇ ಅಳೆಯುತ್ತಿದ್ದನು. ಮೊಮ್ಮಗನು ಆ ಸೇರಿನೊಳಗೆ ಕೈಯಿಟ್ಟು ನೋಡಿ, ಒಂದು ಸೇರು ಪುರಿಯನ್ನೂ ಬೆಂಡುಬತ್ತಾಸನ್ನೂ ಸಂಪಾದಿಸಿಕೊಂಡನು.

ಅರಕಲಗೂಡು ಸೀಮೆಯ ಒಬ್ಬ ವೃದ್ಧೆಯ ಮುಂದೆ ನಾವು ನಿಂತೆವು. ಆಲುಕವೆಂದರೆ ಸಂಸ್ಕೃತದಲ್ಲಿ ಒಂದು ಕಂದಮೂಲ. ಈ ಗೆಡ್ಡೆಯಾದರೋ ದಕ್ಷಿಣ ಅಮೆರಿಕದಿಂದ ಬಂದದ್ದು, ಹೆಸರು ಮಾತ್ರ ನಮ್ಮದು. ಇದನ್ನು ಮೊಮ್ಮಗಳಿಗೆ ವಿವರಿಸುತ್ತಲೇ ನಾವು, ಕಿಲೋಗೆ ಮೂವತ್ತು ಎಂದಿದ್ದ ಬೆಲೆಯನ್ನು ಇಪ್ಪತ್ತೈದಕ್ಕೆ ಇಳಿಸಿದೆವು. ಗೃಹಿಣಿಯ ಮುಖದಲ್ಲಿ ಮೆಚ್ಚುಗೆ ಕಂಡಿತು. ಆದರೆ ಹುಡುಗಿ ಕೇಳಿದಳು:

“ತಾತ, ನಿನ್ನೆ ಬಿಸ್ಕತ್ತು ಕೊಂಡಾಗ ಚೌಕಾಸಿ ಮಾಡಲಿಲ್ಲವಲ್ಲ?”

“ಅದರ ಮೇಲೆ ಬೆಲೆ ಅಚ್ಚಾಗಿರುತ್ತದಮ್ಮ.”

ವೃದ್ಧೆ ನಕ್ಕಳು. “ನಮ್ ಗೆಡ್ಡೆ ಮೇಲೂ ಅಚ್ಚು ಹಾಕಿಸ್ಬೇಕು ಕಣವ್ವ!”

ನಲವತ್ತು ವರುಷ ಪಾಠ ಹೇಳಿದ ನಮಗೆ ಅಲ್ಲಿ ಉತ್ತರ ಹೊಳೆಯಲಿಲ್ಲ. ಸುಮ್ಮನಿರಲಾರದೆ ಬೇಸಾಯದ ವಿಚಾರ ಕೇಳಿದೆವು. ಬಿತ್ತನೆಯ ಗೆಡ್ಡೆ ಪಂಜಾಬಿನ ಜಲಂಧರದಿಂದ ಬರಬೇಕು. ಎಕರೆಗೆ ಹತ್ತು ಹನ್ನೆರಡು ಮೂಟೆ. ಮುಂಗಾರಿನಲ್ಲಿ ನೆಟ್ಟರೆ ಮೂರು ತಿಂಗಳಿಗೆ ಫಸಲು. ನಡುವೆ ಮೋಡ ಕವಿದು ಜಿನುಗುಮಳೆ ಹಿಡಿಯಿತೆಂದರೆ ಅಂಗಮಾರಿ ಬಿದ್ದು ಹಸಿರು ಹೊಲ ಕೆಲವೇ ದಿನಗಳಲ್ಲಿ ಕರಕಾಗುತ್ತದೆ. 1845ರಲ್ಲಿ ಐರ್ಲೆಂಡಿಗೆ ಬಿದ್ದು ಘೋರಕ್ಷಾಮವನ್ನು ತಂದ ರೋಗವೇ ಇದು. ತರಗತಿಯಲ್ಲಿ ಆ ಕ್ಷಾಮದ ಇಸವಿಯನ್ನು ಎಷ್ಟು ಮಂದಿ ಮಕ್ಕಳಿಂದ ಕಂಠಪಾಠ ಮಾಡಿಸಿದ್ದೆವೋ! ಆ ರೋಗ ನಮ್ಮ ನೆರೆಯ ಹೊಲದಲ್ಲಿದೆಯೆಂಬ ಅರಿವು ಮಾತ್ರ ನಮಗಿರಲಿಲ್ಲ.

“ಹೋದ್ವರ್ಸ ಹಾಕಿದ್ ಬೀಜಾನೂ ಬರ್ನಿಲ್ಲ ಸ್ವಾಮಿ. ಈ ವರ್ಸ ದೇವ್ರು ಕಣ್ ಬಿಟ್ಟವ್ನೆ” ಎಂದು ಆಕೆ ತಕ್ಕಡಿಯೆತ್ತಿದಳು.

ನಾಲ್ಕು ಕಿಲೋಗೆ ಮೂವತ್ತರ ಲೆಕ್ಕದಂತೆ ನೂರಿಪ್ಪತ್ತು ರೂಪಾಯಿ ಕೊಟ್ಟೆವು. ಆಕೆ ಎಣಿಸಿ, ಇಪ್ಪತ್ತನ್ನು ಹಿಂದಕ್ಕೆ ನೀಡಿದಳು. ಒತ್ತಾಯ ಮಾಡಿದೆವು. “ಆಡಿದ್ ಮಾತು ಆಡ್ದಂಗೆ ಸ್ವಾಮಿ; ಇಪ್ಪತ್ತೈದಕ್ಕೆ ಒಪ್ಪಿವ್ನಿ” ಎಂದು ನೋಟನ್ನು ಹುಡುಗಿಯ ಕೈಗೇ ತುರುಕಿ, ಕೊಸರೆಂದು ಎರಡು ದಪ್ಪ ಗೆಡ್ಡೆಗಳನ್ನು ಚೀಲಕ್ಕೆ ಹಾಕಿದಳು. ಗೃಹಿಣಿಯೇ ಮುಂದಾಗಿ, ಮನೆಗೆ ಬೇಕಿಲ್ಲದಿದ್ದರೂ, ಆ ಇಪ್ಪತ್ತಕ್ಕೆ ಆಕೆಯ ಬಳಿಯಿದ್ದ ಮೆಣಸಿನಕಾಯಿಯನ್ನು ಚೌಕಾಸಿಯಿಲ್ಲದೆ ಕೊಂಡಳು.

ಹಿಂದಿರುಗುವಾಗ ರೈಲಿನಲ್ಲಿ ಮೊಮ್ಮಗನು ಪುರಿಯ ಪೊಟ್ಟಣವನ್ನಪ್ಪಿ ನಿದ್ದೆಹೋದನು. ಹುಡುಗಿ ಚೀಲದಿಂದ ಕೊಸರಿನ ಗೆಡ್ಡೆಗಳನ್ನು ತೆಗೆದು, ಇವೆರಡನ್ನು ಪಲ್ಯಕ್ಕೆ ಹಾಕಕೂಡದು, ಹಿತ್ತಲಲ್ಲಿ ನೆಡಬೇಕು ಎಂದಳು. ಹೇಮಾವತಿ ಕಾಣುವ ವೇಳೆಗೆ ಜಾಗವೂ ಗೊತ್ತಾಗಿತ್ತು: ಬಾವಿಯ ಬಲಗಡೆ, ಅಜ್ಜಿಯ ಕರಿಬೇವಿನ ಗಿಡದಾಚೆ.