ನಮ್ಮೂರ ಟ್ರ್ಯಾಕ್ ಮಳೆ ಬಂದ್ರೆ ಹೊಲ ಆಗ್ತದ

ಬೆಳಗಾವಿಯಲ್ಲಿ ರೇಸ್ ಕೋರ್ಸ್ ಅನ್ನೋ ಜಾಗ ಐತಿ ಅಂದ್ರೆ ಹೊರಗಿನವರು ಕುದುರೆ ಎಲ್ಲಿ ಅಂತ ಕೇಳ್ತಾರೆ. ಈಗ ಅಲ್ಲಿ ಆಡೋದು ಗಾಲ್ಫ್. 2022ರ ಆಗಸ್ಟ್‌ನಲ್ಲಿ ಆ ಕಡೆ ಚಿರತೆ ಸೇರಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆ ಕರೆಸಿದ್ದು ನಮ್ಮ ಬ್ಯಾಚಿನವರಿಗೆಲ್ಲ ನೆನಪಿದೆ. ಓಟ ಇಲ್ಲದಿದ್ದರೂ ಹೆಸರು ಉಳಿದಿದೆ.

ನೇಸರಗಿ ಕಡೆಯ ನಮ್ಮದು ಇದರ ಉಲ್ಟಾ. ಓಟ ಇದೆ, ಕೋರ್ಸಿಗೆ ಹೆಸರಿಲ್ಲ. ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಜಾತ್ರೆ ಬಂತೆಂದರೆ ಯಾರದೋ ಕರಿಮಣ್ಣಿನ ಹೊಲವೇ ಟ್ರ್ಯಾಕ್. ಅಲ್ಲಿ ಚಕ್ಕಡಿ ಶರ್ಯತ್ತು ನಡೆಯುತ್ತದೆ, ಕೆಲವು ಊರಲ್ಲಿ ಕುದುರೆ ಗಾಡಿಯದೂ ಇರುತ್ತದೆ. ಮಳೆ ಬಿದ್ದ ಕೂಡಲೇ ಅದೇ ನೆಲದಲ್ಲಿ ಬಿತ್ತಿಗೆ. ಟ್ರ್ಯಾಕ್ ಅಳಿಸಿಹೋಯಿತು.

ಮೈಸೂರು ರೇಸ್ ಕ್ಲಬ್ ಶುರುವಾಗಿದ್ದು 1891ರಲ್ಲಿ. ಅಂಥ ಕಡೆ ಪ್ರತಿ ಕುದುರೆಯ ತಂದೆ ತಾಯಿ, ಅದು ಹೊತ್ತ ತೂಕ, ಓಡಿದ ಸಮಯ ಎಲ್ಲ ದಾಖಲಾಗುತ್ತದೆ. ಮೂಗಿನಷ್ಟು ಅಂತರದಲ್ಲಿ ಗೆದ್ದರೂ ಕ್ಯಾಮೆರಾ ಹೇಳುತ್ತದೆ. ನಮ್ಮಲ್ಲಿ ದಾಖಲೆ ಅಂದರೆ ಕಟ್ಟೆ ಮೇಲಿನ ಜಗಳ: 'ಆ ವರ್ಷ ಗೆದ್ದದ್ದು ಯಾರ ಎತ್ತು?'

ಬರೆದಿಟ್ಟ ಚರಿತ್ರೆ ಬೇಕಂದ್ರೆ ಕೋರ್ಟಿಗೇ ಹೋಗಬೇಕು. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸನ್ನು ಕೌಶಲದ ಆಟ ಎಂದಿತು. 2011ರ ಜುಲೈನಲ್ಲಿ ಕೇಂದ್ರ ಸರಕಾರ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. ಆ ಪಟ್ಟಿಯಲ್ಲಿ ಕುದುರೆ ಇರಲಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಬಂಡಿ ಓಟವನ್ನೂ ನಿಲ್ಲಿಸಿತು.

ಇಂಗ್ಲಿಷ್ ಮೀಡಿಯಂನಲ್ಲಿ ಕಲಿತ ನಮಗೆ ಆ ತೀರ್ಪು ಓದೋದು ಕಷ್ಟ ಆಗಲಿಲ್ಲ. ಅದನ್ನು ಊರಲ್ಲಿ ಹೇಳೋದೇ ಕಷ್ಟ ಆಯ್ತು. ಎತ್ತಿನ ದೇಹ ಎಳೆಯೋ ಕೆಲಸಕ್ಕೆ ಸರಿ, ಓಟಕ್ಕಲ್ಲ ಅನ್ನೋದು ಅದರ ಒಂದು ಮುಖ್ಯ ಮಾತು. ಕುದುರೆಯದು ಒಂದೇ ಗೊರಸು, ಎತ್ತಿನದು ಸೀಳು ಗೊರಸು. ಇಷ್ಟು ಹೇಳಿದ್ದಕ್ಕೆ ಹಿರಿಯರೊಬ್ಬರು, 'ಎತ್ತು ಎಳೀತದ ಅಂತ ನಮಗ ಕೋರ್ಟ್ ಹೇಳಬೇಕೇನ್?' ಅಂದುಬಿಟ್ಟರು. ನಗು ಬಂತು. ಆದರೆ ಅವರೂ ಅದೇ ಮಾತನ್ನೇ ಹೇಳಿದಂತಾಯಿತಲ್ಲ.

2017ರಲ್ಲಿ ಕರ್ನಾಟಕ ಕಾನೂನು ತಿದ್ದಿ ಕಂಬಳ ಮತ್ತು ಎತ್ತಿನ ಬಂಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಊರಲ್ಲಿ ಎಲ್ಲರಿಗೂ ಗೊತ್ತಿರೋದು ಇಷ್ಟೇ: ನಾವು ಗೆದ್ವಿ. ಕಾನೂನಿನಲ್ಲಿ ಒಂದು ಷರತ್ತೂ ಇದೆ, ಪ್ರಾಣಿಗೆ ಅನಗತ್ಯ ನೋವು ಕೊಡಬಾರದು. ಆ ಸಾಲನ್ನು ಮೈಕಿನಲ್ಲಿ ಹೇಳಿದ್ದು ನಾವಂತೂ ಕೇಳಿಲ್ಲ.

ನಮಗೆ ಶರ್ಯತ್ತು ಬೇಕು. ಚಕ್ಕಡಿ ಧೂಳೆಬ್ಬಿಸಿ ಬರುವಾಗ ನಾವೂ ಕೂಗ್ತೀವಿ, ಸಿಳ್ಳೆ ಹೊಡೀತೀವಿ. ಆದರೆ ಗೆದ್ದ ಜೋಡಿಗೆ ಗುಲಾಲು ಬೀಳುವ ಹೊತ್ತಿಗೆ ಕೊನೆಗೆ ಬಂದ ಜೋಡಿಯ ಬೆನ್ನನ್ನು ಯಾರೂ ನೋಡೋದಿಲ್ಲ. ಬಾರಕೋಲು ಹೆಚ್ಚು ಬೀಳೋದು ಹಿಂದೆ ಉಳಿದವುಗಳಿಗೇ.

ಮುಂದಿನ ಜಾತ್ರೆಗೆ ನಾವು ನಾಲ್ಕು ಮಂದಿ ಒಂದು ನೋಟ್‌ಬುಕ್ ಹಿಡಿದು ಕೊನೆಯ ಗೆರೆ ಹತ್ತಿರ ನಿಲ್ಲೋಣ ಅಂತ ಮಾಡೇವಿ. ತಾರೀಖು, ಯಾರ ಹೊಲ, ಎಷ್ಟು ದೂರ, ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಎಷ್ಟು ಸೆಕೆಂಡು, ಇಷ್ಟನ್ನೂ ಬರೀತೀವಿ. ರೇಸ್ ಕ್ಲಬ್ಬಿನವರೂ ಇದನ್ನೆಲ್ಲ ಬರೀತಾರೆ. ನಮ್ಮದರಲ್ಲಿ ಇನ್ನೊಂದು ಕಾಲಂ ಇರಬೇಕು: ಓಟ ಮುಗಿದ ಮೇಲೆ ಎತ್ತಿನ ಬೆನ್ನ ಮೇಲೆ ಎಷ್ಟು ಬಾಸುಂಡೆ. ಆ ಕಾಲಂನಲ್ಲಿ ಸೊನ್ನೆ ಇದ್ದವರಿಗೇ ಗುಲಾಲು ಅಂತ ಕಮಿಟಿಯವರನ್ನು ಒಪ್ಪಿಸಬೇಕು. ಅವರು ಒಪ್ಪದಿದ್ದರೂ ನೋಟ್‌ಬುಕ್ ಇರುತ್ತದೆ.