ಕೆಂಪು ಶಾಯಿಯೂ ಬ್ಲಾಗೂ

ಪ್ರಬಂಧಗಳನ್ನು ತಿದ್ದುವುದು ಎಂಥ ಕೆಲಸವೆಂಬುದು ಕನ್ನಡ ಮೇಷ್ಟರಲ್ಲದವರಿಗೆ ತಿಳಿಯುವುದು ಕಷ್ಟ. ಒಂದೇ ಹಾಡನ್ನು 42 ಬಾರಿ, 42 ಬಗೆಯ ಅಪಸ್ವರಗಳಲ್ಲಿ ಕೇಳಿದ ಹಾಗೆ. ನಮ್ಮ ಶಾಲೆ ಇರುವುದು ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವೆ. ಯಾವ ಕಿಟಕಿಯಿಂದ ಇಣುಕಿದರೂ ತೆಂಗು. ಒಂಬತ್ತನೆಯ ತರಗತಿಗೆ ‘ತೆಂಗಿನ ಮರ’ ಎಂಬ ವಿಷಯ ಕೊಟ್ಟರೆ, ಮೊದಲನೆಯ ಪುಸ್ತಕದಿಂದ ಕೊನೆಯದರವರೆಗೆ ಒಂದೇ ಆರಂಭ: ತೆಂಗಿನ ಮರವನ್ನು ಕಲ್ಪವೃಕ್ಷವೆಂದು ಕರೆಯುತ್ತಾರೆ. ಎರಡನೆಯ ವಾಕ್ಯ: ಇದು ಸಮುದ್ರ ತೀರದಲ್ಲಿ ಹೆಚ್ಚಾಗಿ ಬೆಳೆಯುತ್ತದೆ. ಸಮುದ್ರವನ್ನು ಕಣ್ಣಾರೆ ಕಂಡ ಮಗು ಆ ತರಗತಿಯಲ್ಲಿ ಒಂದೂ ಇರಲಿಲ್ಲ. ಅಟ್ಟದ ಮೇಲೆ ಕಾಯಿ ಇಲ್ಲದ ಮನೆಯವರು ನಾಲ್ಕೋ ಐದೋ ಇದ್ದರು, ಅಷ್ಟೆ. ತಲೆಯ ಮೇಲೆ ಸಾವಿರ ಕಾಯಿ ಇಟ್ಟುಕೊಂಡು ಮಲಗುವ ಹುಡುಗ ತೆಂಗನ್ನು ಗೈಡಿನಲ್ಲಿ ಹುಡುಕುತ್ತಾನೆ!

ಮಕ್ಕಳನ್ನು ದೂರುವಂತಿಲ್ಲ. ಓದುವವನು ಒಬ್ಬನೇ, ಅವನಿಗೆ ಎಲ್ಲವೂ ಗೊತ್ತು, ಅವನು ಓದುವುದಾದರೂ ತಪ್ಪು ಹಿಡಿಯುವುದಕ್ಕೆ. ಹೀಗಿರುವಲ್ಲಿ ಯಾರು ತಾನೆ ಮನೆಯ ಅಟ್ಟದ ಸುದ್ದಿ ಹೇಳಿಯಾರು? ‘ನಂಟರು’ ಎಂಬ ಸೊಗಸಾದ ಪ್ರಬಂಧಗಳ ಪುಸ್ತಕ ಬರೆದ ತೀ. ನಂ. ಶ್ರೀಕಂಠಯ್ಯನವರ ತೀರ್ಥಪುರ ನಮ್ಮ ಪಕ್ಕದ್ದೇ. ಹಾಗೆಂದು ಪ್ರಬಂಧದ ಗಾಳಿ ತೋಟದಿಂದ ತೋಟಕ್ಕೆ ತಾನಾಗಿ ಬೀಸುವುದಿಲ್ಲ.

2022ರಲ್ಲಿ ತರಗತಿಗೊಂದು ಬ್ಲಾಗು ತೆರೆದೆ. 1997ರಲ್ಲಿ ‘ವೆಬ್‌ಲಾಗ್’ ಎಂದು ಹುಟ್ಟಿದ ಈ ಪದ ಎರಡೇ ವರ್ಷದಲ್ಲಿ ತಲೆಯ ಕಡೆಯ ಅಕ್ಷರ ಕಳೆದುಕೊಂಡು ‘ಬ್ಲಾಗ್’ ಆಯಿತು. ನನ್ನ ಕಿವಿಗಂತೂ ಅದು ಬಾವಿಗೆ ಕಲ್ಲು ಬಿದ್ದ ಸದ್ದಿನಂತೆಯೇ ಕೇಳುತ್ತದೆ. ಕನ್ನಡ ಅಧ್ಯಾಪಕರು ನಡೆಸುವ ಬ್ಲಾಗುಗಳು ಆ ವೇಳೆಗೆ ಸಾಕಷ್ಟು ಇದ್ದವು. ಪದ್ಯದ ಭಾವಾರ್ಥ, ಪ್ರಶ್ನೆಪತ್ರಿಕೆ, ವ್ಯಾಕರಣದ ಪಟ್ಟಿ ಎಲ್ಲವೂ ಅಲ್ಲಿ ಸಿಗುತ್ತವೆ; ನಾನೂ ಅವುಗಳ ಋಣಿ. ಆದರೆ ಅಲ್ಲಿ ಬರೆಯುವವರು ಮೇಷ್ಟರು, ಓದುವವರು ಮಕ್ಕಳು. ನನಗೆ ಬೇಕಾದದ್ದು ಅದರ ತಿರುವು.

ಉಪಾಯವೇನೂ ಹೊಸದಲ್ಲ. ಗೋಡೆಪತ್ರಿಕೆ, ಕೈಬರಹದ ಪತ್ರಿಕೆ ನಮ್ಮ ಶಾಲೆಗಳಿಗೆ ಹಳೆಯ ಬಳಕೆ. ಆಚೆ ಫ್ರಾನ್ಸಿನಲ್ಲಿ, ಬಾರ್-ಸುರ್-ಲೂ ಎಂಬ ಬೆಟ್ಟದ ಹಳ್ಳಿಯ ಮೇಷ್ಟರು ಸೆಲೆಸ್ತ್ಯಾಂ ಫ್ರೆನೆ 1924ರಲ್ಲಿ ಪುಟ್ಟ ಅಚ್ಚಿನ ಯಂತ್ರವೊಂದನ್ನು ತರಗತಿಯೊಳಕ್ಕೇ ತಂದಿಟ್ಟರು. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟುಬಿದ್ದ ಆತನಿಗೆ ದಿನವಿಡೀ ಕೂಗಿ ಪಾಠ ಹೇಳುವ ಶಕ್ತಿ ಇರಲಿಲ್ಲ. ಮಕ್ಕಳು ತಮ್ಮ ಬದುಕಿನ ಸಂಗತಿ ಬರೆದರು. ತಾವೇ ಮೊಳೆ ಜೋಡಿಸಿ ಅಚ್ಚು ಮಾಡಿದರು. ಬ್ರಿಟನಿ ಪ್ರಾಂತದ ಶಾಲೆಯೊಂದಕ್ಕೆ ಅಂಚೆಯಲ್ಲಿ ಕಳುಹಿಸಿದರು. ಅದು ಕಡಲ ದಂಡೆಯ ಊರು. ಅಲ್ಲಿಯ ಮಕ್ಕಳಿಗೆ ಸಮುದ್ರದ ಮಾತು ಬರೆಯುವ ಹಕ್ಕಿತ್ತು.

ನಮ್ಮ ಆರಂಭ ಅಷ್ಟು ಗಂಭೀರವಾಗಿರಲಿಲ್ಲ. ‘ನುಡಿ’ಯ ಹಳೆಯ ಅಕ್ಷರದಲ್ಲಿ ಹುಡುಗರು ಕಷ್ಟಪಟ್ಟು ಬೆರಳಚ್ಚು ಮಾಡಿದ್ದು ಬ್ಲಾಗಿಗೆ ಏರಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕುಳಿತಿತು. “ಸಾರ್, ನಮಗೆ ಇಂಗ್ಲಿಷ್ ಬಂದುಬಿಡ್ತು!” ಎಂದು ಒಬ್ಬ ಕುಣಿದ. ಯೂನಿಕೋಡಿಗೆ ಬದಲಾಯಿಸಿಕೊಳ್ಳಲು ಒಂದು ವಾರ ಹಿಡಿಯಿತು. ನಾನು ಹಾಕಿದ ಕಟ್ಟಳೆ ಎರಡೇ: ಮಕ್ಕಳ ಪೂರ್ಣ ಹೆಸರಾಗಲಿ ಭಾವಚಿತ್ರವಾಗಲಿ ಬರಕೂಡದು, ಮನೆಯವರಿಗೆ ತೋರಿಸದೆ ಏನನ್ನೂ ಹಾಕಕೂಡದು. ಹೆಡ್ಮಾಸ್ಟರು ಇಷ್ಟಕ್ಕೆ ಒಪ್ಪಿದರು.

ಮೊದಲ ಗೆಲುವು ಒಬ್ಬ ಹುಡುಗಿಯದು. ತಮ್ಮ ಅಜ್ಜಿ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ ಕೊಬ್ಬರಿ ಆಗಿದೆಯೇ ಇಲ್ಲವೇ ಎಂದು ಹೇಳುತ್ತಾರೆಂದೂ, “ಬಹಳ ದಿನ” ಅಟ್ಟದಲ್ಲಿಟ್ಟರೆ ಹಾಗಾಗುತ್ತದೆಂದೂ ಬರೆದಿದ್ದಳು. ಮೂರನೆಯ ದಿನ ಯಾರೋ ಪುಣ್ಯಾತ್ಮರು ಕೆಳಗೆ ಟಿಪ್ಪಣಿ ಹಾಕಿದರು: “ಬಹಳ ದಿನ ಎಂದರೆ ಎಷ್ಟಮ್ಮ?” ಇದೇ ಪ್ರಶ್ನೆಯನ್ನು ನಾನು ಎಷ್ಟೋ ಪುಸ್ತಕಗಳ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಉತ್ತರ ಬಂದದ್ದಿಲ್ಲ. ಈಕೆ ಮನೆಗೆ ಓಡಿ, ಅಜ್ಜಿಯನ್ನು ಹಿಡಿದು ಕೂರಿಸಿ, ಮರುದಿನ ಒಂದು ಪುಟ ಬರೆದು ತಂದಳು. ಸಿಪ್ಪೆ ಸುಲಿಯದ ಬಲಿತ ಕಾಯಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದಲ್ಲಿರಬೇಕು. ಒಳಗಿನ ನೀರು ಇಂಗುತ್ತದೆ. ತಿರುಳು ಒಣಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಆಗ ಅಲ್ಲಾಡಿಸಿದರೆ ಉಂಡೆ ಒಳಗೇ ಉರುಳಿ ಲೊಟಲೊಟ ಎನ್ನುತ್ತದೆ. ನೀರಿನ ಸದ್ದು ಬೇರೆ, ಉಂಡೆಯ ಸದ್ದು ಬೇರೆ. ಕಿವಿ ಮಂದವಾದ ಮೇಲೂ ಅಜ್ಜಿಗೆ ಅದು ಕೈಗೇ ತಿಳಿಯುತ್ತದಂತೆ. ಆ ಕೊನೆಯ ಮಾತಿಗೆ ನಾನು ಎಷ್ಟು ಅಂಕ ಕೊಡಬೇಕಿತ್ತೋ! ಅವಳು ಕೇಳಲೂ ಇಲ್ಲ. ಕೇಳಿದವರಿಗೆ ಉತ್ತರ ತಲುಪಿತೇ ಎಂಬುದೊಂದೇ ಅವಳ ಚಿಂತೆ.

ಓದುಗನೊಬ್ಬ ಸಿಕ್ಕಿದರೆ ಮಕ್ಕಳು ನಿಜ ಹೇಳತೊಡಗುತ್ತಾರೆ. ನಮ್ಮ ತೊಡಕು ಹುಟ್ಟಿದ್ದೂ ಅಲ್ಲಿಂದಲೇ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದಿದ್ದರು. ಆ ವರ್ಷದ ಒಬ್ಬ ಹುಡುಗ ತಂದೆಯೊಡನೆ ಕೊಬ್ಬರಿ ಮಾರಲು ಹೋದ ದಿನವನ್ನು ಬರೆದ. ಬೆಲೆ ಏರೀತೆಂದು ಕಾದದ್ದು, ಅಕ್ಕನ ಮದುವೆ ಹತ್ತಿರ ಬಂದು ಕಾಯಲಾರದೆ ಹೋದದ್ದು, ಕೈಗೆ ಬಂದ ಹಣ, ಅದು ಸಾಲದೆ ತಂದ ಸಾಲ, ಬಸ್ಸಿನಲ್ಲಿ ಅಪ್ಪ ಊರು ಬರುವವರೆಗೂ ಮಾತನಾಡದೆ ಖಾಲಿ ಚೀಲಗಳನ್ನು ಮಡಿಸಿದ್ದನ್ನೇ ಮತ್ತೆ ಮತ್ತೆ ಮಡಿಸುತ್ತಿದ್ದುದು. ಇಪ್ಪತ್ತು ವರ್ಷದ ನನ್ನ ಮೇಷ್ಟರಿಕೆಯಲ್ಲಿ ಅಂಥ ಪ್ರಬಂಧ ನನ್ನ ಕೈಗೆ ಬಂದಿರಲಿಲ್ಲ.

ಕಟ್ಟಳೆಯಂತೆ ಮನೆಗೆ ಹೋದೆ. ತಂದೆ ನನ್ನ ಫೋನಿನಲ್ಲಿ ನಿಧಾನವಾಗಿ ಓದಿದರು. “ಬರ್ದಿರೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ ಮೇಷ್ಟ್ರೇ. ಆದ್ರೆ ಬೀಗ್ರು ಓದಿದ್ರೆ?” ಎಂದರು. ಸಾಲದ ಮಾತು, ಮದುವೆಯ ಮಾತು ತೆಗೆದು ಉಳಿದದ್ದನ್ನು ಹಾಕೋಣವೇ ಎಂದು ಹುಡುಗನನ್ನು ಕೇಳಿದೆ. ಅವನು ನೆಲ ನೋಡುತ್ತ, “ಅದೆಲ್ಲ ತೆಗೆದ್ರೆ ಮಿಕ್ಕೋದು ಗೈಡಲ್ಲಿರೋದೇ ಅಲ್ವಾ ಸಾರ್?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯ ಮಾತೂ ಸರಿ, ಮಗನ ಮಾತೂ ಸರಿ. ಪ್ರಬಂಧ ಬ್ಲಾಗಿನ ಕರಡುಗಳ ಪಟ್ಟಿಯಲ್ಲಿ, ನಾನೊಬ್ಬನೇ ಕಾಣುವಂತೆ ಉಳಿಯಿತು. ಮತ್ತೆ ಅದಕ್ಕೆ ಓದುಗ ಒಬ್ಬನೇ, ಅದೇ ಹಳೆಯ ಮೇಷ್ಟರು.

2025ರಲ್ಲಿ ಧಾರಣೆ 20,000 ರೂಪಾಯಿ ದಾಟಿದ್ದನ್ನು ಪತ್ರಿಕೆಯಲ್ಲಿ ತಾವೂ ಓದಿದ್ದಿರಬೇಕು. ಶ್ರಾವಣದಲ್ಲಿ ಆ ಹುಡುಗ ಶಾಲೆಗೆ ಬಂದ. ತಿಪಟೂರಿನಲ್ಲಿ ಪಿಯುಸಿ; ಮೀಸೆ ಚಿಗುರಿದೆ. ಅಪ್ಪನ ಸಾಲ ತೀರಿತಂತೆ. “ಈಗ ಹಾಕ್ಬಹುದು ಅಂದ್ರು ಸಾರ್, ಅಪ್ಪ.” ಕರಡನ್ನು ತೆರೆದು ಇಬ್ಬರೂ ಓದಿದೆವು. ಎರಡು ಕಾಗುಣಿತದ ತಪ್ಪನ್ನು ಅವನೇ ತಿದ್ದಿದ. ಅಕ್ಕನ ಮದುವೆಯ ಸಾಲು ಬಂದಾಗ ಅವನ ಬೆರಳು ನಿಂತಿತು. “ಅಕ್ಕನ್ನ ಯಾರೂ ಕೇಳ್ಲೇ ಇಲ್ಲ, ಅಲ್ವಾ ಸಾರ್?” ಎಂದ. ಆಕೆಯನ್ನು ಕೊಟ್ಟಿರುವುದು ತುರುವೇಕೆರೆಗೆ. ಗೌರಿ ಹಬ್ಬಕ್ಕೆ ಬರುತ್ತಾಳೆ, ಕೇಳಿ ಹೇಳುತ್ತೇನೆ ಎಂದು ಹೋದ.