ಕಮಂಡಲದಲ್ಲಿ ನಿಲ್ಲದವಳು

ಹಾರಂಗಿ ಜಲಾಶಯ ಭರ್ತಿಯಾಯಿತೆಂದರೆ ನಮ್ಮ ಕಡೆ ಬಾಗಿನದ ಸಡಗರ. ಗೌರಿ ಹಬ್ಬದಲ್ಲಿ ಮುತ್ತೈದೆಯರು ಕೊಟ್ಟು ತೆಗೆದುಕೊಳ್ಳುವ ಅದೇ ಮೊರದ ಬಾಗಿನ: ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ, ಬೇಳೆ, ಬೆಲ್ಲ. ಡ್ಯಾಮಿನ ಮೇಲೆ ಮಾತ್ರ ಅದನ್ನು ಹಿಡಿದು ನಿಲ್ಲುವವರು ಶಾಸಕರು, ಹಿಂದೆ ಇಂಜಿನಿಯರುಗಳು. ಬಳೆಯ ಅಳತೆ ಯಾರು ನೋಡಿ ತರುತ್ತಾರೋ! ನೀರು 2,840 ಅಡಿಯಲ್ಲಿದ್ದಾಗ ಆ ಕಡೆ ಸುಳಿಯದವರು 2,859 ಮುಟ್ಟಿದೊಡನೆ ರೇಷ್ಮೆ ಶಲ್ಯ ಹೊದ್ದು ಬರುತ್ತಾರೆ.

ಹಾರಂಗಿ ಹೊಳೆ ಕೂಡಿಗೆಯಲ್ಲಿ ಸೇರುವ ಆ ಕಾವೇರಿಯ ಕತೆಯನ್ನಾದರೂ ನೋಡಿ. ಬಿಟ್ಟು ಹೋಗಬಾರದೆಂಬ ಕರಾರಿನ ಮೇಲೆ ಅಗಸ್ತ್ಯರ ಕೈಹಿಡಿದವಳು. ಋಷಿಗಳು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದರು, ಇವಳು ಉಕ್ಕಿ ಹರಿದೇಬಿಟ್ಟಳು. ಬಲಮುರಿಯಲ್ಲಿ ಅಡ್ಡ ನಿಂತ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ತಿರುಗಿದ್ದು ಅವಳ ರಭಸಕ್ಕೇ ಅಂತೆ. ಕೊಡವತಿಯರು ಇಂದಿಗೂ ಹಿಂದೆಯೇ ನೆರಿಗೆ ಹಿಡಿಯುತ್ತಾರೆ. ನಿಲ್ಲದೆ ಹೋದದ್ದಕ್ಕೆ ದೇವಿಯಾದವಳು ಅವಳು. ಈಗ ಅವಳನ್ನು ಸೇರುವ ಹೊಳೆ ನಿಂತದ್ದಕ್ಕೆ ಬಾಗಿನ! 1982ರಲ್ಲಿ ಮುಗಿದ ಹಾರಂಗಿ ಅಣೆಕಟ್ಟೆ ಎಂಟೂವರೆ ಟಿಎಂಸಿಯ ಕಮಂಡಲ.

ಇಂದ್ರನ ಪಾಡಂತೂ ಇನ್ನೂ ಕಷ್ಟ. ಋಗ್ವೇದದಲ್ಲಿ ಅವನೇ ದೊಡ್ಡವನು. ನೀರು ಅಡ್ಡಗಟ್ಟಿ ಮಲಗಿದ್ದ ವೃತ್ರನನ್ನು ಸೀಳಿ ಹೊಳೆ ಬಿಡಿಸಿದ. ಪುರಾಣಕ್ಕೆ ಬರುವ ಹೊತ್ತಿಗೆ ಯಾರೋ ತಪಸ್ಸಿಗೆ ಕೂತರೆ ಕುರ್ಚಿ ಹೋದೀತೆಂದು ನಡುಗುವ ಅಧಿಕಾರಿ. ನೀರು ಹಿಡಿದಿಡುವ ಕೆಲಸಕ್ಕೆ ಈಗ ಇಲಾಖೆಯೇ ಇದೆ. ಈ ನೀರನ್ನೇ ನಂಬಿದ ಪಿರಿಯಾಪಟ್ಟಣ, ಹುಣಸೂರಿನ ಗದ್ದೆಯವರನ್ನು ಕೇಳಿದರೆ ವೃತ್ರನ ಕಡೆಗೇ ವೋಟು ಬಿದ್ದೀತು.

ಬಡ್ತಿ, ವರ್ಗಾವಣೆ ನಮ್ಮ ದೇವರುಗಳಿಗಷ್ಟೇ ಅಲ್ಲ. ಈಜಿಪ್ಟಿನ ಅಮುನ್ ಮೊದಲು ಥೀಬ್ಸ್ ಎಂಬ ಊರಿನ ದೇವರು. ಆ ಊರಿನ ದೊರೆಗಳು ಮೇಲೆ ಬಂದರು, ಅವನೂ ಸೂರ್ಯದೇವ ರಾನೊಡನೆ ಕೂಡಿ ಅಮುನ್-ರಾ ಎಂದು ದೇಶಕ್ಕೇ ದೊಡ್ಡವನಾದ. ನೈಲ್ ನದಿಯ ನೆರೆಗೆ ಹಾಪಿ ಎಂಬ ದೇವರಿದ್ದ: ಗಂಡಸೇ, ಆದರೂ ಜೋತ ಎದೆ, ಡೊಳ್ಳು ಹೊಟ್ಟೆ, ಸಮೃದ್ಧಿಯ ಗುರುತು. ವರ್ಷಕ್ಕೊಮ್ಮೆ ನೆರೆ ತಂದು ಹೊಲಕ್ಕೆ ಕಪ್ಪು ಮಣ್ಣು ಹಾಸುವುದು ಅವನ ಕೆಲಸ. ಪೂಜೆ ಎಂದೋ ನಿಂತಿತ್ತು. 1970ರಲ್ಲಿ ಅಸ್ವಾನ್ ಹೈ ಡ್ಯಾಂ ಮುಗಿದು ಕೆಲಸವೂ ಹೋಯಿತು. ಆ ಮಣ್ಣೆಲ್ಲ ಈಗ ಜಲಾಶಯದ ತಳದಲ್ಲಿದೆ.

ನಮ್ಮ ಕಾವೇರಿ ಅಷ್ಟು ಸುಲಭಕ್ಕೆ ನಿವೃತ್ತಳಾಗುವವಳಲ್ಲ. 2018ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಹೇಳದೆ ಕೇಳದೆ ನುಗ್ಗಿದಳು. ಇನ್ನು ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಅವಳು ಉಕ್ಕುವ ಗಳಿಗೆ ಪಂಚಾಂಗದ ಲೆಕ್ಕ, ಇಲಾಖೆಯದಲ್ಲ. ಅದು ನಡುರಾತ್ರಿಗೆ ಬಿದ್ದರೂ ಜನ ಬಿಂದಿಗೆ ಹಿಡಿದು ಚಳಿಯಲ್ಲಿ ಕಾಯುತ್ತಾರೆ, ಶಾಸಕರೂ ಸಾಲಿನಲ್ಲಿರುತ್ತಾರೆ.